ಕಂಪನಿ ಉಳಿಯಲಿ, ಮಾಲೀಕರೇಕೆ ಉಳಿಯಬೇಕು?

2020ರ ಜನವರಿ 10. ಸಂಕ್ರಾಂತಿಗೆ ಇನ್ನು ಐದೇ ದಿನ. ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಖಾತೆಯಲ್ಲಿ ಎಷ್ಟೇ ದುಡ್ಡಿರಲಿ, ತೆಗೆಯಬಹುದಾದದ್ದು 35,000 ರೂಪಾಯಿ ಮಾತ್ರ. ಸುದ್ದಿ ಹರಡಿದ ಮೇಲೆ ಬ್ಯಾಂಕಿನ ಬಾಗಿಲಿಗೆ ಬಂದವರಲ್ಲಿ ತಲೆ ನರೆತವರೇ ಹೆಚ್ಚು. ಬೇರೆ ಕಡೆಗಿಂತ ಬಡ್ಡಿ ಸ್ವಲ್ಪ ಜಾಸ್ತಿ, ಮೇಲಾಗಿ ರಾಯರ ಹೆಸರಿನ ಬ್ಯಾಂಕು ಎಂದು ನಿವೃತ್ತಿಯ ಗಂಟನ್ನು ಅಲ್ಲಿಟ್ಟಿದ್ದವರು. ಸುಮಾರು 2,400 ಕೋಟಿ ರೂಪಾಯಿ ಠೇವಣಿ ಒಳಗೆ ಸಿಕ್ಕಿಕೊಂಡಿತು. 2021ರಲ್ಲಿ ಠೇವಣಿ ವಿಮೆಯ ಕಾಯ್ದೆಗೆ ತಿದ್ದುಪಡಿಯಾದ ಮೇಲಷ್ಟೇ ಐದು ಲಕ್ಷದವರೆಗಿನ ಮೊತ್ತ ಕೈಗೆ ಬಂತು. ಅದಕ್ಕಿಂತ ಹೆಚ್ಚು ಇಟ್ಟವರ ಪಾಡು ದೇವರಿಗೇ ಪ್ರೀತಿ.

ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಮಾರ್ಚ್ 5ರ ಸಂಜೆ ಯೆಸ್ ಬ್ಯಾಂಕ್ ಮೇಲೆ ಅಂಥದ್ದೇ ನಿರ್ಬಂಧ ಬಂತು, ಮಿತಿ 50,000 ರೂಪಾಯಿ. ನಮ್ಮದೇ ಊರಿನ ಫೋನ್‌ಪೇ ಆ ಬ್ಯಾಂಕನ್ನು ನಂಬಿ ನಡೆಯುತ್ತಿದ್ದರಿಂದ ಅದೂ ಅದೇ ರಾತ್ರಿ ನಿಂತುಹೋಯಿತು. ಆದರೆ ಇಲ್ಲಿ ಯಾರೂ ವರ್ಷಗಟ್ಟಲೆ ಕಾಯಲಿಲ್ಲ. ವಾರದಲ್ಲಿ ಕೇಂದ್ರ ಸಂಪುಟ ಪುನಶ್ಚೇತನ ಯೋಜನೆಗೆ ಒಪ್ಪಿತು. ಸ್ಟೇಟ್ ಬ್ಯಾಂಕ್ 6,050 ಕೋಟಿ ಹಾಕಿತು. ಐಸಿಐಸಿಐ, ಎಚ್‌ಡಿಎಫ್‌ಸಿ, ಆ್ಯಕ್ಸಿಸ್, ಕೋಟಕ್ ಸೇರಿದಂತೆ ಉಳಿದವರೂ ಸೇರಿ ಮೊತ್ತ ಹತ್ತು ಸಾವಿರ ಕೋಟಿಗೆ ಮುಟ್ಟಿತು. ಮಾರ್ಚ್ 18ರ ಸಂಜೆ ಆರಕ್ಕೆ ನಿರ್ಬಂಧ ತೆರವು. ಹದಿಮೂರು ದಿನ.

ಒಂದು ಸಹಕಾರಿ ಬ್ಯಾಂಕು, ಇನ್ನೊಂದು ಖಾಸಗಿ ಬ್ಯಾಂಕು. ಕಾನೂನು ಬೇರೆ, ಗಾತ್ರ ಬೇರೆ ಎನ್ನುವುದು ಸರಿ. ಯೆಸ್ ಬ್ಯಾಂಕಿನಲ್ಲಿ ಲಕ್ಷ ಕೋಟಿಗೂ ಮೀರಿದ ಠೇವಣಿ ಇತ್ತು. ಅದು ಕುಸಿದಿದ್ದರೆ ಇತರ ಬ್ಯಾಂಕುಗಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಬಸವನಗುಡಿಯ ಹಿರಿಯರೊಬ್ಬರು 'ನಮ್ಮ ತಪ್ಪೇನು, ಸಣ್ಣ ಬ್ಯಾಂಕಿನಲ್ಲಿ ಇಟ್ಟಿದ್ದೇ?' ಎಂದು ಕೇಳಿದರೆ ಕೊಡಲು ನೇರವಾದ ಉತ್ತರವಿಲ್ಲ. ಮುಳುಗುವ ಖಾಸಗಿ ಕಂಪನಿಗಳನ್ನು ಸರ್ಕಾರ ಕೈಹಿಡಿದು ಎತ್ತಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ಒಂದು ಕಡೆಯವರು 'ಮಾರುಕಟ್ಟೆ ತಾನೇ ನೋಡಿಕೊಳ್ಳುತ್ತದೆ' ಎನ್ನುತ್ತಾರೆ, ಇನ್ನೊಂದು ಕಡೆಯವರು 'ಸಾವಿರಾರು ಜನರ ಕೆಲಸದ ಪ್ರಶ್ನೆ' ಎನ್ನುತ್ತಾರೆ. ಎರಡೂ ಕಡೆಯವರು ಕಂಪನಿ ಎಂದರೆ ಅದರ ಮಾಲೀಕ ಎಂದೇ ಹಿಡಿದು ಮಾತಾಡುತ್ತಾರೆ. ನನ್ನ ತಕರಾರು ಅಲ್ಲಿ. ಬ್ಯಾಂಕಿನ ಠೇವಣಿ, ವಿಮಾನದ ಪೈಲಟ್, ಮೊಬೈಲ್ ಟವರ್ ಇವು ಒಂದು. ಇವುಗಳ ಮೇಲೆ ಕುಳಿತು ಲಾಭ ಎಣಿಸುತ್ತಿದ್ದವರು ಇನ್ನೊಂದು. ಮೊದಲನೆಯದನ್ನು ಉಳಿಸಲು ಎರಡನೆಯದನ್ನೂ ಉಳಿಸಲೇಬೇಕು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಸರಿಯಾದ ಉದಾಹರಣೆಯೂ ಇದೆ, ತೀರಾ ಕೆಟ್ಟ ಉದಾಹರಣೆಯೂ ಇದೆ. ಕೆಟ್ಟದ್ದು ಬೆಂಗಳೂರಿನದೇ.

ಅದಕ್ಕೂ ಮೊದಲು ಮಾಗಡಿ ರಸ್ತೆಯ ಕಡೆ ಒಮ್ಮೆ ಹೋಗಿ ಬರೋಣ. ಕನ್ನಡ ಸಿನಿಮಾ ನೋಡುವವರಿಗೆ ಮಿನರ್ವ ಮಿಲ್ ಎಂದರೆ ಹೊಡೆದಾಟದ ಸೆಟ್. ಕಾನೂನು ಓದಿದವರಿಗೆ 1980ರ ಸುಪ್ರೀಂ ಕೋರ್ಟ್ ತೀರ್ಪು: ಸಂಸತ್ತಿಗೂ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರವಿಲ್ಲ ಎಂದು ಮತ್ತೊಮ್ಮೆ ಸಾರಿದ ಮೊಕದ್ದಮೆ, ನಾನಿ ಪಾಲ್ಖೀವಾಲಾ ವಾದಿಸಿದ್ದು. ಆ ಮೊಕದ್ದಮೆ ಶುರುವಾದದ್ದು ಏಕೆಂದು ನೆನಪಿಟ್ಟವರು ಕಡಿಮೆ. ನಷ್ಟದಲ್ಲಿದ್ದ ಈ ಬಟ್ಟೆ ಗಿರಣಿಯ ಆಡಳಿತವನ್ನು ಕೇಂದ್ರ ಸರ್ಕಾರ 1971ರ ಅಕ್ಟೋಬರ್‌ನಲ್ಲಿ ತನ್ನ ಕೈಗೆ ತೆಗೆದುಕೊಂಡಿತು. 1974ರ ಕಾಯ್ದೆಯಲ್ಲಿ ದೇಶದ 103 ರೋಗಗ್ರಸ್ತ ಗಿರಣಿಗಳನ್ನು ರಾಷ್ಟ್ರೀಕರಣ ಮಾಡಿ ರಾಷ್ಟ್ರೀಯ ಜವಳಿ ನಿಗಮಕ್ಕೆ ಒಪ್ಪಿಸಿತು. ಮಿನರ್ವವೂ ಅದರಲ್ಲೊಂದು. ಮಾಲೀಕರು ಕೋರ್ಟಿಗೆ ಹೋದರು. ಸಂವಿಧಾನ ಗೆದ್ದಿತು; ಮಿಲ್ಲು ಗೆಲ್ಲಲಿಲ್ಲ. ಬೆಂಗಳೂರಿನ ಮಗ್ಗಗಳು ನಿಂತವು, ಆ ಹೆಸರು ಹಾಸನದ ಹೊಸ ಮಿಲ್ಲಿನಲ್ಲಿ ಉಳಿಯಿತು. ನಿಗಮದ ಕೈಯಲ್ಲಿ ಕೊನೆಗೆ ಉಳಿದಿದ್ದ 23 ಮಿಲ್ಲುಗಳು 2020ರ ಮಾರ್ಚ್ ಲಾಕ್‌ಡೌನ್‌ನಲ್ಲಿ ಸದ್ದು ನಿಲ್ಲಿಸಿದವು.

ಆಗಿನ ಕ್ರಮದಲ್ಲಿ ಮಾಲೀಕನನ್ನು ಹೊರಗೆ ಕಳಿಸಿದ್ದೇನೋ ನಿಜ. ಆದರೆ ಉಳಿಸಬೇಕಾದದ್ದು ಯಾವುದು ಎಂದು ಯಾರೂ ಕೇಳಿಕೊಳ್ಳಲಿಲ್ಲ. ಹಳೆಯ ಯಂತ್ರ, ಹಳೆಯ ಲೆಕ್ಕ ಎಲ್ಲವನ್ನೂ ಹಾಗೇ ಹೊತ್ತುಕೊಂಡು ಅರ್ಧ ಶತಮಾನ ನಡೆದರು. ಮಿಲ್ಲಿಗೆ ಸುರಿದ ಹಣವನ್ನು ಕಾರ್ಮಿಕನಿಗೆ ನೇರವಾಗಿ ಕೊಟ್ಟು ಬೇರೆ ಕೆಲಸಕ್ಕೆ ಅಣಿ ಮಾಡಿದ್ದರೆ ಅಗ್ಗವಾಗುತ್ತಿತ್ತೇನೋ. ಇದನ್ನು ಹೇಳುವುದು ಸುಲಭ, ಆಗಿನ ಕಾಲಕ್ಕೆ ಹೇಳಿದ್ದರೆ ಗೇಟಿನ ಮುಂದೆ ಕೆಂಬಾವುಟ ಏಳುತ್ತಿತ್ತು ಎನ್ನುವುದೂ ಗೊತ್ತು. 2016ರ ಆರ್ಥಿಕ ಸಮೀಕ್ಷೆ ಈ ಕಾಯಿಲೆಗೆ ಚಕ್ರವ್ಯೂಹ ಎಂದು ಹೆಸರಿಟ್ಟಿತು. ಭಾರತದಲ್ಲಿ ಉದ್ಯಮ ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಅಭಿಮನ್ಯುವಿನಂತೆ ಅದಕ್ಕೂ ತಿಳಿಯದು. ಅದೇ ವರ್ಷ ದಿವಾಳಿ ಸಂಹಿತೆ ಬಂದದ್ದು ಆ ದಾರಿ ತೋರಿಸಲೆಂದು.

ಈಗ ಆ ಕೆಟ್ಟ ಉದಾಹರಣೆ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಿತು. ಹಾರಿದಷ್ಟೂ ವರ್ಷ ಒಮ್ಮೆಯೂ ಲಾಭ ಕಾಣಲಿಲ್ಲ. 2007ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಅನ್ನು ಕೊಂಡಿತು. ಐದು ವರ್ಷ ದೇಶದೊಳಗೆ ಹಾರಿದವರಿಗೆ ಮಾತ್ರ ವಿದೇಶಕ್ಕೆ ಹಾರುವ ಪರವಾನಗಿ ಎಂಬ ನಿಯಮವಿತ್ತು, ಡೆಕ್ಕನ್ ಶುರುವಾದದ್ದು 2003ರಲ್ಲಿ. ಹಾಗಾಗಿ ಕೊಂಡದ್ದು ವಿಮಾನಗಳನ್ನೋ ಆ ವಯಸ್ಸನ್ನೋ ಎಂಬ ಅನುಮಾನ ಆಗಲೇ ಇತ್ತು. 2008ರಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ವಿಮಾನ ಹೊರಟಿತು. ಅದೇ ವರ್ಷ ಇಂಧನದ ಬೆಲೆ ಆಕಾಶಕ್ಕೆ ಹೋಯಿತು, ಜಗತ್ತಿನ ಹಣಕಾಸು ಕುಸಿಯಿತು, ಎರಡು ವಿಮಾನಯಾನ ಕಂಪನಿಗಳ ನಷ್ಟ ಒಂದೇ ಚೀಲಕ್ಕೆ ಬಿತ್ತು.

2011ರ ನವೆಂಬರ್‌ನಲ್ಲಿ 'ಸರ್ಕಾರ ಬೇಲ್‌ಔಟ್ (ಮುಳುಗುವ ಕಂಪನಿಗೆ ನೆರವಿನ ಹಣ) ಕೊಡಬೇಕೇ' ಎಂದು ದೆಹಲಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಉದ್ಯಮಿ ರಾಹುಲ್ ಬಜಾಜ್ ಬಹಿರಂಗವಾಗಿಯೇ ಬೇಡ ಎಂದರು. ಸರ್ಕಾರವೂ ಬೊಕ್ಕಸದಿಂದ ಹಣ ಕೊಡಲಿಲ್ಲ. ಹಾಗಾಗಿ ಕಿಂಗ್‌ಫಿಷರ್‌ಗೆ ಬೇಲ್‌ಔಟ್ ಸಿಗಲಿಲ್ಲ ಎಂದೇ ಇವತ್ತಿಗೂ ಬರೆಯುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಬೇಲ್‌ಔಟ್ ಅದಕ್ಕಿಂತ ಮುಂಚೆಯೇ ಮುಗಿದಿತ್ತು. ಸಂಪುಟದ ಮುಂದೆ ಬರಲಿಲ್ಲ, ಸಂಸತ್ತಿನಲ್ಲಿ ಮತಕ್ಕೆ ಹಾಕಲಿಲ್ಲ, ಬಜೆಟ್ಟಿನಲ್ಲಿ ಸಾಲು ಮೂಡಲಿಲ್ಲ. ಸರ್ಕಾರಿ ಬ್ಯಾಂಕುಗಳ ಸಾಲ ಮರುಹೊಂದಾಣಿಕೆ ಎಂಬ ಹೆಸರಿನಲ್ಲಿ ಆಗಿಹೋಯಿತು. 2011ರ ಮಾರ್ಚ್ ಕೊನೆಗೆ ಸ್ಟೇಟ್ ಬ್ಯಾಂಕ್ ನೇತೃತ್ವದಲ್ಲಿ ಸಾಲ ಕೊಟ್ಟಿದ್ದ ಬ್ಯಾಂಕುಗಳು ಬಾಕಿಯ ಒಂದು ಭಾಗವನ್ನು ಷೇರಿಗೆ ಪರಿವರ್ತಿಸಿಕೊಂಡವು. ಮಾರುಕಟ್ಟೆಯಲ್ಲಿ ಷೇರಿನ ಬೆಲೆ ನಲವತ್ತು ರೂಪಾಯಿ ಆಸುಪಾಸು. ಬ್ಯಾಂಕುಗಳು ಪಡೆದದ್ದು ಒಂದಕ್ಕೆ 64 ರೂಪಾಯಿ 48 ಪೈಸೆಯಂತೆ. ಸಂತೆಯಲ್ಲಿ ನಲವತ್ತಕ್ಕೆ ಸಿಗುವ ಬದನೆಕಾಯಿಗೆ ಅರವತ್ತನಾಲ್ಕು ಕೊಟ್ಟು ತಂದವನನ್ನು ಮನೆಯಲ್ಲಿ ಸುಮ್ಮನೆ ಬಿಡುತ್ತಾರೆಯೇ?

ಒತ್ತೆಯ ಕಥೆ ಇನ್ನೂ ಚೆನ್ನಾಗಿದೆ. ಕಿಂಗ್‌ಫಿಷರ್ ಎಂಬ ಬ್ರ್ಯಾಂಡ್ ಹೆಸರಿಗೇ ಸುಮಾರು 4,100 ಕೋಟಿ ರೂಪಾಯಿ ಬೆಲೆ ಕಟ್ಟಿ ಸಾಲಕ್ಕೆ ಆಧಾರವಾಗಿ ತೋರಿಸಲಾಯಿತು. 2016ರಲ್ಲಿ ಬ್ಯಾಂಕುಗಳು ಆ ಟ್ರೇಡ್‌ಮಾರ್ಕುಗಳನ್ನು 366 ಕೋಟಿ 70 ಲಕ್ಷದ ಮೀಸಲು ಬೆಲೆಗೆ ಹರಾಜಿಗಿಟ್ಟಾಗ ಕೂಗಲು ಒಬ್ಬನೂ ಬರಲಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರಲ್ಲ, ಇಲ್ಲಿ ಎಮ್ಮೆ ಸಾಯುವ ಮೊದಲೇ ಹಾಲಿನ ಲೆಕ್ಕ ಬರೆದು ಸಾಲ ಕೊಟ್ಟಿದ್ದರು.

2012ರ ಅಕ್ಟೋಬರ್ 20ರಂದು ಪರವಾನಗಿ ಅಮಾನತಾಯಿತು. ಆ ಹೊತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. 2016ರ ಮಾರ್ಚ್ 2ರಂದು, ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭೆಗೆ ಆರಿಸಿ ಹೋಗಿದ್ದ ಕಿಂಗ್‌ಫಿಷರ್ ಮಾಲೀಕ ವಿಜಯ್ ಮಲ್ಯ ದೇಶ ಬಿಟ್ಟರು. ಬ್ಯಾಂಕುಗಳಿಗೆ ಬರಬೇಕಾದದ್ದು ಬಡ್ಡಿ ಸೇರಿ ಸುಮಾರು ಒಂಬತ್ತು ಸಾವಿರ ಕೋಟಿ ಎನ್ನಲಾಗಿತ್ತು. 2017ರಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿಯನ್ನು ಬಡ್ಡಿಸಮೇತ ವಸೂಲು ಮಾಡಲು ಆದೇಶಿಸಿತು. 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ, ಮಲ್ಯ ಪ್ರಕರಣದಲ್ಲಿ 14,131 ಕೋಟಿಗೂ ಹೆಚ್ಚು ಮೌಲ್ಯದ ಆಸ್ತಿ ಸರ್ಕಾರಿ ಬ್ಯಾಂಕುಗಳಿಗೆ ಮರಳಿದೆ ಎಂದರು. ಅದನ್ನೇ ಹಿಡಿದು ಮಲ್ಯ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿ, ಕೊಡಬೇಕಾದದ್ದಕ್ಕಿಂತ ಹೆಚ್ಚು ವಸೂಲಾಗಿದೆ, ಲೆಕ್ಕ ಕೊಡಿ ಎಂದು ಕೇಳಿದರು. ಇದನ್ನು ತೋರಿಸಿ 'ನೋಡಿ, ಕೊನೆಗೆ ದುಡ್ಡು ಬಂತಲ್ಲ' ಎನ್ನುವವರಿದ್ದಾರೆ. ಬಂದದ್ದು ಷೇರು, ಮನೆ, ಜಮೀನು ಜಪ್ತಿ ಮಾಡಿ, ಹನ್ನೆರಡು ವರ್ಷ ಅಲೆದು. ಸಾಲ ಕೊಡುವಾಗ ಬ್ರ್ಯಾಂಡ್ ಹೆಸರಿಗೆ ಬದಲು ಅದೇ ಆಸ್ತಿ ಕೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಸಂಬಳ ಬಾಕಿಯಿದ್ದ ನೌಕರರೂ ಅಷ್ಟೇ ವರ್ಷ ಕಾದರು.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಬೊಕ್ಕಸದಿಂದ ನೇರ ಕೊಟ್ಟಿದ್ದರೆ ವಿರೋಧ ಪಕ್ಷ ಕೂಗುತ್ತಿತ್ತು, ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿ ವರದಿ ಬರೆಯುತ್ತಿತ್ತು, ಷರತ್ತು ಹಾಕಲೇಬೇಕಾಗುತ್ತಿತ್ತು. ಬ್ಯಾಂಕಿನ ಮೂಲಕ ಹೋದಾಗ ಅದು 'ವಾಣಿಜ್ಯ ನಿರ್ಧಾರ'ವಾಗುತ್ತದೆ. ಆಮೇಲೆ ಅದೇ ಬ್ಯಾಂಕಿಗೆ ಬಂಡವಾಳ ತುಂಬಲು ಬಜೆಟ್ಟಿನಿಂದಲೇ ಹಣ ಹೋಗುತ್ತದೆ. ಸುತ್ತು ಬಳಸಿ ಬಂದ ಬೇಲ್‌ಔಟ್‌ನಷ್ಟು ದುಬಾರಿ ಬೇಲ್‌ಔಟ್ ಇನ್ನೊಂದಿಲ್ಲ.

ಬೆಂಗಳೂರಿನಿಂದ ಹೈದರಾಬಾದ್‌ಗೆ ರಾತ್ರಿ ಬಸ್ಸಿನ ದೂರ. ಅಲ್ಲಿ 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು, ಲೆಕ್ಕಪತ್ರದಲ್ಲಿ ಏಳು ಸಾವಿರ ಕೋಟಿಗೂ ಮೀರಿದ ಸುಳ್ಳಿದೆ ಎಂದು ತಾವೇ ಪತ್ರ ಬರೆದರು. ಇದ್ದೇ ಇಲ್ಲದ ಬ್ಯಾಂಕ್ ಹಣವೇ ಐದು ಸಾವಿರ ಕೋಟಿ. ಐವತ್ತು ಸಾವಿರಕ್ಕೂ ಹೆಚ್ಚು ಎಂಜಿನಿಯರ್‌ಗಳು ಬೆಳಗಾಗುವಷ್ಟರಲ್ಲಿ ಬೀದಿಗೆ ಬೀಳುವ ಭಯ. ಬೆಂಗಳೂರಿನ ಮನೆ ಸಾಲದ ಕಂತುಗಳಲ್ಲೂ ಅದರ ನಡುಕವಿತ್ತು. ಮನಮೋಹನ್ ಸಿಂಗ್ ಸರ್ಕಾರ ನಾಲ್ಕೇ ದಿನದಲ್ಲಿ ಹಳೆಯ ಆಡಳಿತ ಮಂಡಳಿಯನ್ನು ಕಿತ್ತು ಹಾಕಿ ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್ ಮುಂತಾದವರನ್ನು ಕೂರಿಸಿತು. ಬೊಕ್ಕಸದಿಂದ ಒಂದು ರೂಪಾಯಿ ಕೊಡಲಿಲ್ಲ. ಹೊಸ ಮಂಡಳಿ ಗ್ರಾಹಕರಿಂದ ಬರಬೇಕಾದ ಬಾಕಿಯನ್ನು ತೋರಿಸಿ ಬ್ಯಾಂಕುಗಳಿಂದ ಸಾಲ ಪಡೆದು ಸಂಬಳ ಕೊಟ್ಟಿತು. ಏಪ್ರಿಲ್ 13ಕ್ಕೆ ಹರಾಜಿನಲ್ಲಿ ಟೆಕ್ ಮಹೀಂದ್ರ ಷೇರಿಗೆ 58 ರೂಪಾಯಿ ಬೆಲೆ ಕಟ್ಟಿ ಕಂಪನಿಯನ್ನು ಪಡೆಯಿತು. ನೂರು ದಿನವೂ ಆಗಿರಲಿಲ್ಲ. ರಾಜು ಜೈಲಿಗೆ, ಕಂಪನಿ ಹೊಸ ಮಾಲೀಕನಿಗೆ, ಎಂಜಿನಿಯರ್ ತನ್ನ ಮೇಜಿಗೆ.

ಸತ್ಯಂಗೆ ಒಂದು ಅನುಕೂಲವಿತ್ತು, ಅದನ್ನು ಮುಚ್ಚಿಡಬಾರದು. ಲೆಕ್ಕ ಸುಳ್ಳಾದರೂ ಕೆಲಸ ನಿಜವಾಗಿತ್ತು. ಗ್ರಾಹಕರಿದ್ದರು, ಡಾಲರ್ ಬರುತ್ತಿತ್ತು. ಕಿಂಗ್‌ಫಿಷರ್‌ನಲ್ಲಿ ಪ್ರತಿ ಹಾರಾಟವೂ ನಷ್ಟ. ಆದ್ದರಿಂದ ಮೊದಲು ಕೇಳಬೇಕಾದದ್ದು ಇದು: ಹಳೆಯ ಸಾಲವನ್ನು ಒಂದು ಕ್ಷಣ ಬದಿಗಿಟ್ಟರೆ, ಈ ಅಂಗಡಿ ದಿನದ ವ್ಯಾಪಾರದಲ್ಲಿ ಬದುಕುತ್ತದೆಯೇ? ಬದುಕುವುದಾದರೆ ಸಾಲ ಕೊಟ್ಟವರನ್ನೂ ಮಾಲೀಕರನ್ನೂ ಕೂರಿಸಿ ನಷ್ಟ ಹಂಚಬಹುದು. ಬದುಕದಿದ್ದರೆ ಎಷ್ಟು ಸುರಿದರೂ ಸೋರುವ ಗಡಿಗೆಗೆ ನೀರು ಹೊಯ್ದ ಹಾಗೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತು, ಐದು ವರ್ಷ ದಿವಾಳಿ ಸಂಹಿತೆಯ ಕೋರ್ಟುಗಳಲ್ಲಿ ಉಸಿರಾಡಿ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಆಸ್ತಿ ಮಾರಾಟಕ್ಕೆ ಹೋಯಿತು. ನಿಧಾನವಾದ ಹೊರದಾರಿಯೂ ಒಂದು ಬಗೆಯ ಚಕ್ರವ್ಯೂಹವೇ.

ಹೊರದೇಶಗಳಲ್ಲಿ ಮಾಡಿದ್ದನ್ನು ಪೂರ್ತಿ ಹೇಳಲು ಇಲ್ಲಿ ಜಾಗವಿಲ್ಲ, ಎರಡು ಮಾತು ಸಾಕು. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಅನ್ನು ಮುಳುಗಲು ಬಿಟ್ಟ ಅಮೆರಿಕ, ಮರುದಿನವೇ ವಿಮಾ ಕಂಪನಿ ಎಐಜಿಗೆ 85 ಬಿಲಿಯನ್ ಡಾಲರ್ ನೆರವು ಘೋಷಿಸಿತು. ಮುಂದೆ ಅದು 182 ಬಿಲಿಯನ್ ತನಕ ಬೆಳೆಯಿತು. ಕೊನೆಗೆ ಸರ್ಕಾರಕ್ಕೆ 22 ಬಿಲಿಯನ್‌ಗೂ ಮೀರಿ ಲಾಭವಾಯಿತು ಎನ್ನುವುದನ್ನು ಜನ ಮರೆತಿದ್ದಾರೆ. ತೆರಿಗೆದಾರರ ಹಣ ಒಳಗಿರುವಾಗಲೇ ಎಐಜಿ ತನ್ನ ನೌಕರರಿಗೆ 165 ಮಿಲಿಯನ್ ಡಾಲರ್ ಬೋನಸ್ ಹಂಚಿದ್ದನ್ನು ಮರೆತಿಲ್ಲ. ಸಿಟ್ಟಿಗೆ ತನ್ನದೇ ಗಣಿತವಿದೆ. ಜನರಲ್ ಮೋಟಾರ್ಸ್ ಲೆಕ್ಕ ಇದಕ್ಕೆ ತದ್ವಿರುದ್ಧ: ಸರ್ಕಾರಕ್ಕೆ ಹತ್ತು ಬಿಲಿಯನ್ ಡಾಲರಿಗೂ ಹೆಚ್ಚು ನಷ್ಟವಾಯಿತು, ಆದರೆ ಹಳೆಯ ಷೇರುದಾರರ ಕೈ ಬರಿದಾಯಿತು, ಮುಖ್ಯಸ್ಥ ರಾಜೀನಾಮೆ ಕೊಟ್ಟು ಹೋಗಬೇಕಾಯಿತು. ನಷ್ಟವಾದರೂ ಇದು ನ್ಯಾಯವಾದ ಬೇಲ್‌ಔಟ್ ಎಂದು ನನಗನ್ನಿಸುತ್ತದೆ.

ಜರ್ಮನಿಯವರು ಮಾತ್ರ ಪಕ್ಕಾ ಸಾಹುಕಾರರಂತೆ ವ್ಯವಹರಿಸಿದರು. ಕೊರೊನಾದಲ್ಲಿ ಲುಫ್ತಾನ್ಸಾ ನೆಲಕಚ್ಚಿದಾಗ ಒಂಬತ್ತು ಬಿಲಿಯನ್ ಯೂರೊ ನೆರವಿನ ಜೊತೆ ಶೇ 20ರಷ್ಟು ಪಾಲನ್ನು ಷೇರಿಗೆ 2.56 ಯೂರೊದಂತೆ ತೆಗೆದುಕೊಂಡರು. ಅದು ಷೇರಿನ ಮೇಲೆ ನಮೂದಾದ ಮುಖಬೆಲೆ, ಮಾರುಕಟ್ಟೆ ಬೆಲೆಗಿಂತ ಎಷ್ಟೋ ಕಡಿಮೆ. ಡಿವಿಡೆಂಡ್ ಕೊಡುವಂತಿಲ್ಲ, ಮೇಲಧಿಕಾರಿಗಳ ಸಂಬಳಕ್ಕೆ ಕಡಿವಾಣ. ಫ್ರಾಂಕ್‌ಫರ್ಟ್, ಮ್ಯೂನಿಕ್ ನಿಲ್ದಾಣಗಳಲ್ಲಿ ಕೆಲವು ಇಳಿದಾಣದ ಸಮಯಗಳನ್ನು ಪ್ರತಿಸ್ಪರ್ಧಿಗಳಿಗೆ ಬಿಟ್ಟುಕೊಡಬೇಕು ಎಂದು ಐರೋಪ್ಯ ಒಕ್ಕೂಟ ಪಟ್ಟು ಹಿಡಿಯಿತು. 2022ರ ಸೆಪ್ಟೆಂಬರ್ ಹೊತ್ತಿಗೆ ಪಾಲನ್ನೆಲ್ಲ ಮಾರಿ 760 ಮಿಲಿಯನ್ ಯೂರೊ ಲಾಭದೊಂದಿಗೆ ಸರ್ಕಾರ ಎದ್ದು ನಡೆಯಿತು.

ಹೀಗೆ ಕಂಪನಿಯ ಕಷ್ಟಕಾಲದಲ್ಲಿ ಕಡಿಮೆ ಬೆಲೆಗೆ ಪಾಲು ಕೇಳುವ ಗಟ್ಟಿತನ ನಮ್ಮಲ್ಲಿ ಯಾಕಿಲ್ಲ ಎಂಬ ಪ್ರಶ್ನೆ ನೇರವಾಗಿ ವೊಡಾಫೋನ್ ಐಡಿಯಾ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಫೋನಿನ ಎರಡು ಸಿಮ್‌ಗಳಲ್ಲಿ ಒಂದು ಆ ಕಂಪನಿಯದು. ಪೂರ್ತಿ ತಟಸ್ಥ ಎಂದು ಹೇಳಿಕೊಳ್ಳುವಂತಿಲ್ಲ.

ಈ ಪ್ರಕರಣ ಕಿಂಗ್‌ಫಿಷರ್‌ನಷ್ಟು ಸರಳವಲ್ಲ, ಯಾಕೆಂದರೆ ಇಲ್ಲಿ ಸಾಲದ ದೊಡ್ಡ ಪಾಲು ಸರ್ಕಾರದ್ದೇ. 1999ರ ಟೆಲಿಕಾಂ ನೀತಿಯ ಪ್ರಕಾರ ಕಂಪನಿಗಳು ನಿಗದಿತ ಪರವಾನಗಿ ಶುಲ್ಕದ ಬದಲು ಆದಾಯದಲ್ಲಿ ಪಾಲು ಕೊಡಲು ಒಪ್ಪಿದವು. ಯಾವ ಆದಾಯ ಎಂಬುದೇ ಜಗಳ. ಒಂದು ದರ್ಶಿನಿ ಹೋಟೆಲನ್ನು ನೆನೆಸಿಕೊಳ್ಳಿ. ಬಾಡಿಗೆಯ ಬದಲು ವ್ಯಾಪಾರದಲ್ಲಿ ಇಂತಿಷ್ಟು ಪಾಲು ಎಂದು ಕಟ್ಟಡದ ಮಾಲೀಕನೊಂದಿಗೆ ಕರಾರು. ಹೋಟೆಲಿನವರು ಇಡ್ಲಿ, ದೋಸೆ, ಕಾಫಿ ಕಲೆಕ್ಷನ್ ಮೇಲೆ ಲೆಕ್ಕ ಹಾಕಿ ಕೊಡುತ್ತಾ ಬಂದರು. ಮಾಲೀಕ ಹೇಳಿದ: ಬ್ಯಾಂಕಿನಲ್ಲಿಟ್ಟ ದುಡ್ಡಿನ ಬಡ್ಡಿ, ಮುಂದಿನ ಬೀಡಾ ಅಂಗಡಿಯಿಂದ ಬರುವ ಬಾಡಿಗೆ, ಹಳೇ ಪಾತ್ರೆ ಮಾರಿದ ಹಣ ಇವೂ ಆದಾಯವೇ, ಅದರಲ್ಲೂ ಪಾಲು ಕೊಡು. ಹದಿನೈದು ವರ್ಷ ಕೋರ್ಟಿನಲ್ಲಿ ಕಳೆದ ಮೇಲೆ, 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಮಾಲೀಕನೇ ಸರಿ ಎಂದಿತು. ಬಡ್ಡಿ, ದಂಡ, ದಂಡದ ಮೇಲೆ ಬಡ್ಡಿ ಎಲ್ಲ ಸೇರಿದಾಗ ಅಸಲು ಹೆಚ್ಚುಕಡಿಮೆ ಕಾಲುಭಾಗ ಮಾತ್ರ. ವೊಡಾಫೋನ್ ಐಡಿಯಾ ಪಾಲಿಗೆ ದೂರಸಂಪರ್ಕ ಇಲಾಖೆ ಹಾಕಿದ ಲೆಕ್ಕ 58,254 ಕೋಟಿ. ಆ ತ್ರೈಮಾಸಿಕದಲ್ಲಿ ಕಂಪನಿ ತೋರಿಸಿದ ನಷ್ಟ 50,921 ಕೋಟಿ, ಅಲ್ಲಿಯವರೆಗೆ ಭಾರತದ ಯಾವ ಕಂಪನಿಯೂ ಮೂರು ತಿಂಗಳಲ್ಲಿ ಅಷ್ಟು ಕಳೆದುಕೊಂಡಿರಲಿಲ್ಲ.

ತಮಾಷೆಯೆಂದರೆ 2021ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಆದಾಯದ ವ್ಯಾಖ್ಯೆ ಬದಲಿಸಿ, ಇನ್ನು ಮುಂದೆ ಟೆಲಿಕಾಂ ಅಲ್ಲದ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಿತು. ಹಿಂದಿನದು ಹಾಗೇ ಉಳಿಯಿತು. ಅದಕ್ಕೆ ಸ್ವಲ್ಪ ಮೊದಲು, ಕಂಪನಿ ಉಳಿಯುವುದಾದರೆ ತನ್ನ ಪಾಲನ್ನು ಸರ್ಕಾರಕ್ಕೋ ಸರ್ಕಾರ ಹೇಳಿದವರಿಗೋ ಬಿಟ್ಟುಕೊಡಲು ಸಿದ್ಧ ಎಂದು ಕುಮಾರ ಮಂಗಲಂ ಬಿರ್ಲಾ ಪತ್ರ ಬರೆದಿದ್ದರು. ಉದ್ಯಮಿಯೊಬ್ಬ ತಾನಾಗಿಯೇ 'ನನ್ನನ್ನು ಬಿಡಿ, ಕಂಪನಿ ಉಳಿಸಿ' ಎಂದು ಬರೆದದ್ದು ಅಪರೂಪ. ಅಷ್ಟು ಹೊತ್ತಿಗೆ ಆ ಪಾಲಿನಲ್ಲಿ ಬಿಟ್ಟುಕೊಡಲು ಹೆಚ್ಚೇನೂ ಉಳಿದಿರಲಿಲ್ಲ ಎಂದು ಕುಹಕ ಆಡುವವರ ಮಾತಿನಲ್ಲೂ ಸತ್ಯವಿದೆ.

ಮುಂದೆ ಆದದ್ದು ಹೀಗೆ. 2023ರ ಫೆಬ್ರುವರಿಯಲ್ಲಿ ಬಡ್ಡಿ ಬಾಕಿ 16,133 ಕೋಟಿಯನ್ನು ಸರ್ಕಾರ ಷೇರಾಗಿ ಪರಿವರ್ತಿಸಿಕೊಂಡು ಮೂರನೇ ಒಂದು ಪಾಲಿನ ಒಡೆಯನಾಯಿತು. ಕಂಪನಿ ಮಾರುಕಟ್ಟೆಯಿಂದ ಹೊಸ ಬಂಡವಾಳ ತಂದಾಗ ಆ ಪಾಲು ಶೇ 22.6ಕ್ಕೆ ಇಳಿಯಿತು. 2025ರ ಏಪ್ರಿಲ್‌ನಲ್ಲಿ ತರಂಗಾಂತರ ಹರಾಜಿನ ಬಾಕಿ 36,950 ಕೋಟಿಯೂ ಷೇರಾಯಿತು. ಈಗ ಸರ್ಕಾರದ ಪಾಲು ಶೇ 48.99. ದರ್ಶಿನಿಯ ಭಾಷೆಯಲ್ಲೇ ಹೇಳುವುದಾದರೆ, ಬಾಡಿಗೆ ಬಾಕಿಯ ಬದಲು ಕಟ್ಟಡದ ಮಾಲೀಕನೇ ಹೋಟೆಲಿನಲ್ಲಿ ಅರ್ಧ ಪಾಲು ತೆಗೆದುಕೊಂಡ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಮಾತ್ರ ಹಳಬರೇ. ಕಾಲುಭಾಗದ ಒಡೆತನವಿರುವ ಬಿರ್ಲಾ ಸಮೂಹ ಮತ್ತು ಬ್ರಿಟನ್ನಿನ ವೊಡಾಫೋನ್ ಕಂಪನಿಯನ್ನು ನಡೆಸುತ್ತವೆ.

ಎರಡೂ ಬಾರಿ ಸರ್ಕಾರ ಷೇರು ಪಡೆದದ್ದು ಹತ್ತು ರೂಪಾಯಿಯಂತೆ. ಎರಡನೇ ಬಾರಿ ಮಾರುಕಟ್ಟೆ ಬೆಲೆ ಏಳರ ಆಸುಪಾಸಿನಲ್ಲಿತ್ತು. ಮುಖಬೆಲೆಗಿಂತ ಕಡಿಮೆಗೆ ಹೊಸ ಷೇರು ಕೊಡಲು ಕಂಪನಿ ಕಾಯ್ದೆ ಬಿಡುವುದಿಲ್ಲ ಎನ್ನುವುದು ಸಮರ್ಥನೆ. ಜರ್ಮನಿಯವರು ಕೊಟ್ಟದ್ದೂ ಮುಖಬೆಲೆಯನ್ನೇ. ಆದರೆ ಅಲ್ಲಿ ಮುಖಬೆಲೆ ಮಾರುಕಟ್ಟೆಗಿಂತ ಕೆಳಗಿತ್ತು, ಇಲ್ಲಿ ಮೇಲಿದೆ. ಬಂಡವಾಳ ಕಡಿತದ ಮೂಲಕ ಮೊದಲು ಮುಖಬೆಲೆಯನ್ನೇ ಇಳಿಸುವ ದಾರಿ ಅದೇ ಕಾಯ್ದೆಯಲ್ಲಿದೆ. ಹಾಗೆ ಮಾಡಿದ್ದರೆ ಅದೇ ಬಾಕಿಗೆ ಸರ್ಕಾರಕ್ಕೆ ಇನ್ನೂ ದೊಡ್ಡ ಪಾಲು ಸಿಗುತ್ತಿತ್ತು, ಕಂಪನಿ ನಡೆಸುವ ಪ್ರವರ್ತಕರ ಪಾಲು ಇನ್ನೂ ಕುಗ್ಗುತ್ತಿತ್ತು. ಆದರೆ ಶೇ 51 ಮುಟ್ಟಿದರೆ ಅದು ಸರ್ಕಾರಿ ಕಂಪನಿ. ಸಿಎಜಿ ಲೆಕ್ಕ ಕೇಳುತ್ತದೆ, ಸಂಸದರು ಪ್ರಶ್ನೆ ಎತ್ತುತ್ತಾರೆ. ಶೇ 49ರ ಆಚೆ ಹೋಗುವುದಿಲ್ಲ ಎಂದು ಸಂಪರ್ಕ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಸ್ಪಷ್ಟವಾಗಿಯೇ ಹೇಳಿದ್ದಾರೆ. ಆ ಗೆರೆ ಎಲ್ಲಿ ಎಳೆದಿದೆ ನೋಡಿದರೆ, ನಷ್ಟದ ಪಾಲು ಬೇಕು, ಜವಾಬ್ದಾರಿಯ ಪಾಲು ಬೇಡ ಎಂದಂತಿದೆ.

ಉಳಿಸಬೇಕಿತ್ತೇ? ಹೌದು ಎಂದೇ ನನ್ನ ಉತ್ತರ. ಸುಮಾರು ಇಪ್ಪತ್ತು ಕೋಟಿ ಗ್ರಾಹಕರು ಒಂದು ಕಡೆ. ಇನ್ನೊಂದು ಕಡೆ, ಇದು ಮುಳುಗಿದರೆ ಜಿಯೊ ಮತ್ತು ಏರ್‌ಟೆಲ್ ಇಬ್ಬರದೇ ರಾಜ್ಯಭಾರ. 2024ರ ಜುಲೈನಲ್ಲಿ ಮೂವರೂ ಒಂದೆರಡು ದಿನಗಳ ಅಂತರದಲ್ಲಿ ದರ ಏರಿಸಿದ್ದು ಎಲ್ಲರ ಜೇಬಿಗೂ ನೆನಪಿದೆ; ಮೂವರಿದ್ದಾಗಲೇ ಹೀಗಾದರೆ ಇಬ್ಬರಾದಾಗ ಹೇಗೆ? ಸರ್ಕಾರದ್ದೇ ಬಿಎಸ್‌ಎನ್‌ಎಲ್ ಇದೆಯಲ್ಲ ಎನ್ನಬಹುದು. 2019ರಿಂದ ಮೂರು ಪ್ಯಾಕೇಜ್‌ಗಳಲ್ಲಿ ಅದಕ್ಕೆ ಮೂರು ಲಕ್ಷ ಕೋಟಿಗೂ ಮೀರಿದ ನೆರವು ಘೋಷಣೆಯಾಗಿದೆ. ಮಲೆನಾಡಿನ ಎಷ್ಟೋ ಮೂಲೆಗಳಲ್ಲಿ ಸಿಗುವ ಸಿಗ್ನಲ್ ಅದೊಂದರದೇ, ಆ ಕೃತಜ್ಞತೆ ಬೇರೆ. ಆದರೆ ಬೆಲೆ ಹಿಡಿದು ನಿಲ್ಲಿಸುವ ಬಲ ಅದಕ್ಕೆ ಇನ್ನೂ ಬಂದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಾಕಿಯ ಬೆಟ್ಟ ಬೆಳೆಸಿದ್ದರಲ್ಲಿ ಸರ್ಕಾರದ ಕೈಯೂ ಇದೆ. ತಾನೇ ಕಟ್ಟಿದ ಗಂಟನ್ನು ತಾನೇ ಸಡಿಲಿಸಿದ್ದಕ್ಕೆ ಬೇಲ್‌ಔಟ್ ಎಂಬ ಹೆಸರು ಅರ್ಧದಷ್ಟೇ ಒಪ್ಪುತ್ತದೆ.

ಪ್ರವರ್ತಕರು ಪೆಟ್ಟು ತಿನ್ನದೆ ಉಳಿದರು ಎಂದರೆ ಅದೂ ಅನ್ಯಾಯ. 2018ರಲ್ಲಿ ಎರಡು ಕಂಪನಿಗಳು ಒಂದಾದಾಗ ಇದ್ದ ಅವರ ಪಾಲು ಈಗ ಕಾಲುಭಾಗಕ್ಕೆ ಇಳಿದಿದೆ, ನಡುವೆ ಸಾವಿರಾರು ಕೋಟಿ ಹೊಸ ಬಂಡವಾಳವನ್ನೂ ಹಾಕಿದ್ದಾರೆ. ನನ್ನ ಆಕ್ಷೇಪ ಉಳಿಸಿದ್ದಕ್ಕಲ್ಲ, ಉಳಿಸಿದ ರೀತಿಗೆ. ಅತಿ ದೊಡ್ಡ ಷೇರುದಾರ ಆಡಳಿತ ಮಂಡಳಿಯಲ್ಲಿ ಕೂರದೆ ದೂರ ನಿಂತು ನೋಡುವುದು ಮರ್ಯಾದೆಯಲ್ಲ, ಉದಾಸೀನ.

ಯೆಸ್ ಬ್ಯಾಂಕಿನಲ್ಲಿ ಷರತ್ತುಗಳು ಇದಕ್ಕಿಂತ ಗಟ್ಟಿಯಾಗಿದ್ದವು. ಸಂಸ್ಥಾಪಕ ರಾಣಾ ಕಪೂರ್ ಬಂಧನವಾಯಿತು, ಹೊಸ ಆಡಳಿತ ಮಂಡಳಿ ಬಂತು, ನೂರಕ್ಕಿಂತ ಹೆಚ್ಚು ಷೇರಿದ್ದವರ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರದಂತೆ ಕಟ್ಟಿಹಾಕಲಾಯಿತು. ಹತ್ತು ರೂಪಾಯಿಗೆ ಕೊಂಡ ಷೇರುಗಳಲ್ಲಿ ಒಂದು ಭಾಗವನ್ನು ಸ್ಟೇಟ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಸುಮಿಟೊಮೊ ಮಿಟ್ಸುಯಿ ಬ್ಯಾಂಕಿಗೆ 21 ರೂಪಾಯಿ 50 ಪೈಸೆಯಂತೆ ಮಾರಿ 8,889 ಕೋಟಿ ಪಡೆಯಿತು. ಆ ಯೋಜನೆಗೂ ಒಂದು ಕಲೆ ಇದೆ. ಬ್ಯಾಂಕು ಬಂಡವಾಳಕ್ಕೆಂದು ಮಾರಿದ್ದ 8,415 ಕೋಟಿಯ ಎಟಿ1 ಎಂಬ ಸಾಲಪತ್ರಗಳನ್ನು (ಬಾಂಡ್) ಸೊನ್ನೆ ಮಾಡಿದರು, ಷೇರುದಾರರನ್ನು ಮಾತ್ರ ಉಳಿಸಿದರು. ನಷ್ಟ ಮೊದಲು ಷೇರಿಗೆ, ಆಮೇಲೆ ಬಾಂಡಿಗೆ ಎನ್ನುವುದು ಲೋಕರೂಢಿ. ಇಲ್ಲಿ ಸಾಲು ತಲೆಕೆಳಗಾಯಿತು. ಆ ಬಾಂಡ್‌ಗಳನ್ನು 'ಸೂಪರ್ ಎಫ್‌ಡಿ' ಎಂದು ಹೇಳಿ ಸಾಮಾನ್ಯ ಗ್ರಾಹಕರಿಗೂ ಮಾರಿದ್ದಕ್ಕೆ ಷೇರುಪೇಟೆ ನಿಯಂತ್ರಕ ಸೆಬಿ ಬ್ಯಾಂಕಿಗೆ 25 ಕೋಟಿ ದಂಡ ಹಾಕಿತು. ಬಾಂಡ್ ಅಳಿಸಿದ್ದನ್ನು 2023ರಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎಫ್‌ಡಿ ಎಂಬ ಮಾತು ನಂಬಿ ಕೈಸುಟ್ಟುಕೊಂಡ ಆ ಗ್ರಾಹಕರಿಗೂ ಬಸವನಗುಡಿಯ ಹಿರಿಯರಿಗೂ ಮುಖ ಒಂದೇ.

2025ರ ಕೊನೆಯ ದಿನ ಕೇಂದ್ರ ಸಂಪುಟ ವೊಡಾಫೋನ್ ಐಡಿಯಾದ ಆದಾಯ ಪಾಲಿನ ಬಾಕಿಯನ್ನು 87,695 ಕೋಟಿಗೆ ನಿಲ್ಲಿಸಿ, ಅದನ್ನು 2031-32ರಿಂದ 2040-41ರವರೆಗೆ ಕಂತಿನಲ್ಲಿ ಕಟ್ಟಲು ಬಿಟ್ಟಿತು. ಅದರ ಹೊರತಾಗಿ ಷೇರಾದ ಬಾಕಿ ಒಟ್ಟು 53,083 ಕೋಟಿ ರೂಪಾಯಿ. ಹತ್ತು ರೂಪಾಯಿಯಂತೆ 5,308 ಕೋಟಿ ಷೇರು. ಬೆಲೆ ಹತ್ತಕ್ಕಿಂತ ಒಂದು ರೂಪಾಯಿ ಕೆಳಗಿದ್ದರೆ 5,300 ಕೋಟಿ ಹೋಯಿತು, ಎರಡು ರೂಪಾಯಿ ಕೆಳಗಿದ್ದರೆ ಹತ್ತು ಸಾವಿರ ಕೋಟಿಗೂ ಹೆಚ್ಚು. ದಿನವೂ ಬೆಳಗ್ಗೆ ಒಂಬತ್ತೂಕಾಲಕ್ಕೆ ಷೇರುಪೇಟೆ ತೆರೆದಾಗ ಆ ಲೆಕ್ಕ ಪರದೆಯ ಮೇಲೆ ಮೂಡುತ್ತದೆ, ಯಾರು ಬೇಕಾದರೂ ನೋಡಬಹುದು. ಬಜೆಟ್ ಪುಸ್ತಕದಲ್ಲಿ ಹುಡುಕಲು ಹೋಗಬೇಡಿ.